ಹತ್ತಿರದ ಸಂಬಂಧಿ

ಹತ್ತು ದಿನದಿಂದ ಕಂಡಕ್ಟರ್ ಹೂವಪ್ಪ ಯಮುನೆಯ ಜೊತೆ ಮಾತು ಬಿಟ್ಟಿದ್ದ.

ನಗರ ಎಂಬ ಊರಿನಿಂದ ಹೊಸನಗರಕ್ಕೆ ದಿನಾ ಬೆಳಿಗ್ಗೆ ಅವನದೇ ಬಸ್ಸು. ಹೊಸನಗರದ ಮಿಡ್ಲ್ ಸ್ಕೂಲಿನಲ್ಲಿ ಅವಳು ಇಂಗ್ಲಿಷ್ ಮೇಡಂ. ಎರಡು ವರ್ಷದಿಂದ ಟಿಕೆಟ್ ಕೊಡುವಾಗ ಏನಾದರೊಂದು ಹೇಳದೆ ಅವನು ಬಿಟ್ಟವನಲ್ಲ. "ಮೇಡಂ, ಹಸಿರು ಸೀರೆ ಉಡ್ಬೇಡಿ, ಡ್ರೈವರ್‌ಗೆ ರಸ್ತೆ ಯಾವುದು ಕಾಡು ಯಾವುದು ಗೊತ್ತಾಗಲ್ಲ" ಎನ್ನುತ್ತಿದ್ದ. ಅವಳು ಕಿಟಕಿಯ ಕಡೆ ತಿರುಗಿ ನಗು ಬಚ್ಚಿಡುತ್ತಿದ್ದಳು. ಅವಳು ನಕ್ಕಿದ್ದು ಅವನಿಗೆ ಕಿವಿಯ ಓಲೆ ಅಲುಗಿದ್ದರಲ್ಲೇ ತಿಳಿಯುತ್ತಿತ್ತು.

ಈಗ ಟಿಕೆಟ್ ಹರಿದು ಕೈಗಿಟ್ಟು ಮುಂದೆ ಹೋಗುತ್ತಾನೆ. ಕಣ್ಣೂ ಎತ್ತುವುದಿಲ್ಲ.

ಹನ್ನೊಂದನೆಯ ದಿನ ಅವಳು ಟಿಕೆಟ್ಟಿನ ತುದಿ ಹಿಡಿದುಕೊಂಡೇ ಕೇಳಿದಳು. "ಎಂತ, ಮದುವೆ ಗೊತ್ತಾಯ್ತಾ? ಹೇಳಿದ್ರೆ ನಾವೂ ಸಂತೋಷಪಡ್ತಿದ್ವಿ."

ಅವನು ತಲೆಯಾಡಿಸಿದ. "ನಾಲಿಗೆ ಮೇಲೆ ಹುಣ್ಣು. ಈಗೀಗ ಮಾತಾಡಿದ್ರೆ ಉರಿ."

"ಎಷ್ಟು ದಿನ ಆಯ್ತು?"

"ಯುಗಾದಿಗಿಂತ ಮುಂಚಿಂದು."

ಹೊರಗೆ ಗಣಪತಿ ಹಬ್ಬದ ಪೇಟೆ ಕಾಣುತ್ತಿತ್ತು. ಯಮುನೆ ತಿಂಗಳು ಎಣಿಸಿದಳು. ಕೋಪವೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಭಾನುವಾರ ತೀರ್ಥಹಳ್ಳಿ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ."

"ಜನ ಎಂತ ಹೇಳ್ತಾರೆ?"

"ಟಿಕೆಟ್ ತಗಂಡು ಬಂದ್ಲು ಅಂತಾರೆ."

ಡಾಕ್ಟರು ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೂರನೆಯ ಭಾನುವಾರ ವರದಿ ಬಂತು. ಕ್ಯಾನ್ಸರ್.

"ನಾಲಿಗೆ ಕತ್ತರಿಸೋದು ಒಂದು ದಾರಿ. ಕೋಬಾಲ್ಟ್ ಯಂತ್ರದ ಕಿರಣ ಹಾಯಿಸೋದು ಇನ್ನೊಂದು" ಎಂದ ಡಾಕ್ಟರು, ಮೇಜಿನ ಮೇಲಿದ್ದ ವೈದ್ಯ ಪತ್ರಿಕೆಯೊಂದರ ಪುಟ ತಿರುಗಿಸಿದರು. "ಕಿರಣದ ಜೊತೆ ಹೊಸ ಔಷಧ ಕೊಟ್ಟರೆ ಹೆಚ್ಚು ಉಪಯೋಗವಾ ಅಂತ ಕೆಲವು ದೊಡ್ಡ ಆಸ್ಪತ್ರೆಗಳು ಪ್ರಯೋಗ ಮಾಡ್ತಿದಾವೆ. ಬರೆದು ನೋಡಿ. ಆದರೆ ಒಂದು ಮಾತು. ಅಲ್ಲಿಗೆ ಮುಂಚೆ ಬೇರೆ ಚಿಕಿತ್ಸೆ ಮಾಡಿಸಿದ್ರೆ ಅವರು ಸೇರಿಸ್ಕೊಳ್ಳಲ್ಲ."

ಯಮುನೆ ಬರೆದಳು. ಸ್ಕೂಲು ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು, ವರದಿಯ ಪ್ರತಿ ಲಗತ್ತಿಸಿ, ಐದು ಆಸ್ಪತ್ರೆಗೆ. ಒಂದು ಉತ್ತರಿಸಲೇ ಇಲ್ಲ. ಎರಡು ಕಡೆ ಹಾಸಿಗೆಯಿಲ್ಲ. ಇನ್ನೊಂದು ಕಡೆ ಪ್ರಯೋಗ ಮುಗಿದಿತ್ತು. ಅವಳು ಆ ಉತ್ತರಗಳನ್ನು ಅವನಿಗೆ ತೋರಿಸಲಿಲ್ಲ. ಟಿಕೆಟ್ ತೆಗೆದುಕೊಳ್ಳುವಾಗ "ಬರ್ತದೆ" ಎಂದಷ್ಟೇ ಹೇಳುತ್ತಿದ್ದಳು.

ಅಷ್ಟರಲ್ಲಿ ಅವನ ಅಣ್ಣ ಜಟ್ಟಿಂಗಪ್ಪ ಹುಣ್ಣು ಸುಡುವ ನಾಟಿ ವೈದ್ಯನನ್ನು ಗೊತ್ತು ಮಾಡಿದ್ದಾನೆಂದು ತಿಳಿಯಿತು. ಯಮುನೆ ರಜೆ ಹಾಕಿ ಅವರ ಊರು ಹುಲಿಕಲ್ಲಿಗೇ ಹೋದಳು.

"ಸುಟ್ಟರೆ ಆಸ್ಪತ್ರೆ ಬಾಗಿಲು ಮುಚ್ಚಿಹೋಗ್ತದೆ. ಸ್ವಲ್ಪ ದಿನ ತಡೀರಿ" ಎಂದಳು.

ಜಟ್ಟಿಂಗಪ್ಪ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಹೇಳಾಕೆ ನೀವ್ಯಾರು?"

ಒಳಗಿದ್ದ ಹೂವಪ್ಪ ಬಂದು ಅವಳ ಪಕ್ಕ ನಿಂತ. "ನಾ ಸುಡಿಸ್ಕಳಲ್ಲ ಅಣ್ಣ" ಎಂದ.

ಐದನೆಯ ಆಸ್ಪತ್ರೆಯ ಉತ್ತರ ಮದ್ರಾಸಿನಿಂದ ಬಂತು. ಹದಿನೈದು ದಿನದೊಳಗೆ ಬನ್ನಿ, ಎಂಟು ವಾರ ಇರಬೇಕು, ಹತ್ತಿರದ ಸಂಬಂಧಿಯೊಬ್ಬರು ಸಹಿ ಹಾಕಿ ರೋಗಿಯ ಜೊತೆ ಉಳಿಯಬೇಕು.

"ಪ್ರಯೋಗ ಅಂದ್ರೆ ಇಲಿಗೆ ಮಾಡೋದು. ನಾ ಸಹಿ ಹಾಕಲ್ಲ" ಎಂದ ಜಟ್ಟಿಂಗಪ್ಪ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಅಪ್ಪ ಅಮ್ಮ ಎಂದೋ ತೀರಿಕೊಂಡಿದ್ದರು. ಬೇರೆ ಯಾರೂ ಇರಲಿಲ್ಲ.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಹೂವಪ್ಪ ಮದ್ರಾಸಿನ ಕಾಗದ ವಾಪಸು ಕೊಟ್ಟ. "ಇಲ್ಲಿಗೆ ಬಿಡಿ ಮೇಡಂ. ನಿಮಗೆ ಬೇರೆ ಬದುಕಿದೆ."

"ಮದುವೆಯಾಗೋಣ" ಎಂದಳು ಯಮುನೆ.

ಅವನು ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ.

"ನಿಮಗೇ ಹೇಳಿದ್ದು. ಸಹಿ ಹಾಕೋಕೆ ಸಂಬಂಧ ಬೇಕಲ್ಲ."

ಆ ಸಂಜೆ ಅವಳ ಅಮ್ಮ ಶೇಷಮ್ಮ ಒಲೆಯ ಮುಂದಿನಿಂದ ಎದ್ದೇ ಬಿಟ್ಟರು. "ಆರು ತಿಂಗಳಿಗೆ ವಿಧವೆ ಆಗ್ತೀಯ."

"ಆರು ತಿಂಗಳು ಹೆಂಡ್ತಿ ಆಗಿರ್ತೀನಲ್ಲ."

ನಗರದ ದೇವಸ್ಥಾನದಲ್ಲಿ ಮದುವೆ. ಸಾಕ್ಷಿಗೆ ಡ್ರೈವರ್ ವಿಘ್ನೇಶ್ವರ. ಬರುವುದಿಲ್ಲವೆಂದಿದ್ದ ಶೇಷಮ್ಮ ಕೊನೆಗೆ ಬಂದರು. ಅಳಿಯನ ಕೈಗೆ ಬಟ್ಟೆಯ ಚೀಲ ಕೊಟ್ಟರು. ಅಗಿಯಲಾಗದವನಿಗೆ ಗಂಜಿ ಮಾಡಲೆಂದು ಹುರಿದು ತರಿ ಮಾಡಿದ ಕೆಂಪಕ್ಕಿ. ಸಾಗರದಲ್ಲಿ ರೈಲು ಹತ್ತುವಾಗ ಅವನು ಆ ಚೀಲವನ್ನು ಬೇರೆ ಯಾರಿಗೂ ಹೊರಲು ಬಿಡಲಿಲ್ಲ.

ಮದ್ರಾಸಿನ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಯಮುನೆ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದಳು. ಅರ್ಧ ಜನಕ್ಕೆ ಔಷಧ ಮತ್ತು ಕಿರಣ, ಉಳಿದವರಿಗೆ ಕಿರಣ ಮಾತ್ರ. ಯಾರಿಗೆ ಯಾವುದೆಂದು ಮುಚ್ಚಿದ ಲಕೋಟೆ ಹೇಳುತ್ತದೆ. ಬೇಡವೆನಿಸಿದ ದಿನ ಬಿಟ್ಟುಹೋಗಬಹುದು.

"ಎರಡರಲ್ಲಿ ಯಾವುದು ಒಳ್ಳೇದು ಕೇಳು" ಎಂದ ಹೂವಪ್ಪ.

ಡಾಕ್ಟರು ನಕ್ಕರು. ಅದು ಗೊತ್ತಿದ್ದರೆ ಈ ಪ್ರಯೋಗವೇ ಬೇಕಿರಲಿಲ್ಲವೆಂದರು.

ಅವನು ಸಹಿ ಮಾಡಿದ. ಕೆಳಗೆ ಅವಳು ಮಾಡಿದಳು. ಸಂಬಂಧ ಎಂದಿದ್ದಲ್ಲಿ ಹೆಂಡತಿ ಎಂದು ಬರೆಯುವಾಗ ಪೆನ್ನು ಒಮ್ಮೆ ನಿಂತಿತು. ಅವನು ಅದನ್ನೇ ನೋಡುತ್ತಿದ್ದ. ಅವಳ ಕಿವಿ ಕೆಂಪಾಯಿತು.

ಲಕೋಟೆ ಒಡೆದರು. ಕಿರಣ ಮಾತ್ರ.

ಇಷ್ಟು ದೂರ ಬಂದಿದ್ದು ಇದಕ್ಕಾ ಎಂದು ಅವಳು ಲಕೋಟೆಯ ಚೀಟಿ ತಿರುಗಿಸಿ ಹಿಂದೆಯೂ ನೋಡಿದಳು. ಹೂವಪ್ಪ ಅವಳ ಕಡೆ ಬಗ್ಗಿದ. "ಹೊಸ ಔಷಧ ಸಿಗಲಿಲ್ಲ. ಹೊಸ ಹೆಂಡ್ತಿ ಸಿಕ್ಕಿದಾಳೆ. ಸಾಕು ಮಾರಾಯ್ತಿ."

ಐದನೆಯ ವಾರಕ್ಕೆ ಕಿರಣದಿಂದ ಬಾಯೆಲ್ಲ ಹುಣ್ಣಾಗಿತ್ತು. ಗಂಜಿಯೂ ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ಚೀಟಿಯ ಮೇಲೆ ಬರೆದ. 'ಸಾಕು. ಊರಿಗೆ ಹೋಗ್ತೀನಿ. ನೀನು ಸಹಿಗೋಸ್ಕರ ಮದುವೆಯಾದವಳು. ನಿನ್ನ ಕೆಲಸ ಮುಗೀತು.'

ಯಮುನೆ ಓದಿದಳು. ಮತ್ತೆ ಓದಿದಳು.

"ಪ್ರಯೋಗ ಬಿಡೋ ಹಕ್ಕು ನಿಮಗಿದೆ. ಡಾಕ್ಟರೇ ಹೇಳಿದಾರೆ. ಈಗಲೇ ಎದ್ದರೆ ಗಂಟು ಕಟ್ಟಿ ನಾನೂ ಬರ್ತೀನಿ. ಆದರೆ ಸುಳ್ಳು ಬರೀಬೇಡಿ. ಸಹಿ ನೆಪ ಆಗಿತ್ತು. ಏಳೂವರೆಗೆ ಇನ್ನೊಂದು ಬಸ್ಸಿತ್ತು ಹೊಸನಗರಕ್ಕೆ, ಸ್ಕೂಲಿನ ಬಾಗಿಲಲ್ಲೇ ನಿಲ್ಲೋದು. ಎರಡು ವರ್ಷ ಅದು ಬಿಟ್ಟು ನಿಮ್ಮ ಬಸ್ಸಿಗೆ ಬಂದು ದಿನಾ ಒಂದು ಮೈಲಿ ನಡೆದೆ. ಯಾಕೆ ಅಂತ ಒಂದು ದಿನ ಆದ್ರೂ ಯೋಚನೆ ಮಾಡಿದ್ರಾ?"

ಅವನ ಕಣ್ಣಂಚು ಒದ್ದೆಯಾಯಿತು. ಆಮೇಲೆ ಗಂಜಿಯ ಬಟ್ಟಲಿಗೆ ಕೈ ಚಾಚಿದ.

ಎಂಟು ವಾರ ಮುಗಿಯಿತು. ಹುಣ್ಣು ಮಾಯಿತು. ನಾಲಿಗೆಯ ಒಂದು ಬದಿ ಬಿಗಿದುಕೊಂಡು ಮಾತು ತೊದಲಾಯಿತು. ಅವನು ಮತ್ತೆ ಕೆಲಸಕ್ಕೆ ಹೋದಾಗ, ರೋಗ ಅಂಟುತ್ತದೆಂದು ಬಸ್ಸಿನಲ್ಲಿ ಕೆಲವರು ಅವನಿಂದ ದೂರ ಸರಿದು ಕೂರುತ್ತಿದ್ದರು. ಯಮುನೆ ಅಂಥವರ ಪಕ್ಕವೇ ಹುಡುಕಿ ಕೂತು, ಗಂಡನನ್ನು ಕೂಗಿ ಕರೆದು ಟಿಕೆಟ್ ಕೇಳುತ್ತಿದ್ದಳು.

ಎರಡನೆಯ ವರ್ಷದ ತಪಾಸಣೆಯಲ್ಲೂ ರೋಗದ ಗುರುತಿರಲಿಲ್ಲ. ಯಾವ ಗುಂಪು ಗೆದ್ದಿತೆಂದು ಯಮುನೆ ಕೇಳಿದಳು. ಇನ್ನೂ ತಿಳಿದಿಲ್ಲ, ಐದು ವರ್ಷ ತಪ್ಪದೆ ಬರುತ್ತಿರಬೇಕು ಎಂದರು ಡಾಕ್ಟರು.

ಹೊರಗೆ ಬಂದಾಗ ಹೂವಪ್ಪ ತೊದಲುತ್ತ ಹೇಳಿದ. "ಐದು ವರ್ಷ ಅಂತೂ ಸಾಯಂಗಿಲ್ಲ. ಕರೆದಿದಾರೆ."

"ಐದಾದ ಮೇಲೆ?"

"ಆಮೇಲೆ ನೀ ಕರಿ, ಬರ್ತೀನಿ."