ಪಂಪ್‌ಹೌಸಿನ ನೀಲಿ ಟೇಪು

ಮಹಿಳಾ ಕಾನ್‌ಸ್ಟೆಬಲ್ ಕುಡಿಯುವ ನೀರಿನ ಕ್ಯಾನನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಮಗುಚುತ್ತಿದ್ದಳು. ಅರ್ಧ ನೀರು ಅವಳ ಬೂಟಿನ ಮೇಲೇ ಬಿದ್ದಿತ್ತು. ಠಾಣೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸು ತಾನಾಗಿ ಮುಂದೆ ಬಂದು ಕ್ಯಾನಿನ ತಳ ಹಿಡಿದಳು. ಕ್ಯಾನು ಕೂತ ಮೇಲೆ ಹೇಳಿದಳು:

"ನನ್ನ ಗಂಡ ಕುಡಿದು ಬಿದ್ದ ಅಂತ ನಿಮ್ಮ ರಿಪೋರ್ಟಲ್ಲಿ ಬರೆದಿದ್ದಾರಂತೆ. ಅದನ್ನು ತೆಗೀಬೇಕು."

ಸೋಮವಾರ, ಬೆಳಗಿನ ಹನ್ನೊಂದು ಗಂಟೆ. ಗಂಡ ಶನಿವಾರ ಕೊಳಚೆ ನೀರಿನ ಪಂಪ್‌ಹೌಸಿನ ಗುಂಡಿಯಲ್ಲಿ ಸತ್ತಿದ್ದ. ಜೊತೆಗೆ ಬಂದವನು ಅವಳ ಅಣ್ಣ, ಅಲ್ಲಿನ ಪಂಪ್ ಆಪರೇಟರ್. ತಂಗಿಗೆ ಗಂಡು ನೋಡಿದ್ದೂ ಅವನೇ, ಆ ಗಂಡಿಗೆ ಕೆಲಸ ಕೊಡಿಸಿದ್ದೂ ಅವನೇ.

"ಕುಡೀತಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಕುಡೀತಿದ್ರು ಸರ್, ಮನೆಗೆ ಬಂದು, ಸ್ನಾನ ಮಾಡಿ. ಆ ನಾತ ಮೂಗಲ್ಲಿಟ್ಟುಕೊಂಡು ಯಾರಿಗೆ ನಿದ್ದೆ ಬರುತ್ತೆ? ಗುಂಡಿಗೆ ಇಳಿಯೋ ಮುಂಚೆ ಮುಟ್ತಿರಲಿಲ್ಲ."

"ಬಿಡಮ್ಮ," ಎಂದ ಅಣ್ಣ. "ಹೋದವನು ಬರ್ತಾನಾ?"

"ನೀನು ಸುಮ್ನಿರಣ್ಣ. ನಾಳೆ ಮಗಳು ಕೇಳಿದರೆ ನಾನೇನು ಹೇಳಲಿ?"

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಪಂಪ್‌ಹೌಸಿನಲ್ಲಿ ಪಂಚನಾಮೆ. ಕಬ್ಬಿಣದ ಮುಚ್ಚಳ, ಏಣಿ, ಹಗ್ಗ. ಗೋಡೆಯ ಕೊಕ್ಕೆಯಲ್ಲಿ, ವಿಷಗಾಳಿ ಇದ್ದರೆ ಕೂಗುವ ಅಂಗೈಯಗಲದ ಗ್ಯಾಸ್ ಮೀಟರು. ಮುಚ್ಚಳ ತೆಗೆಸಿ ಇನ್‌ಸ್ಪೆಕ್ಟರ್ ಅದನ್ನು ಗುಂಡಿಯ ಬಾಯಿಗೆ ಹಿಡಿದರು. ಸೊನ್ನೆ ತೋರಿಸಿತು.

ಕಾನ್‌ಸ್ಟೆಬಲ್ ಮೂಗಿಗೆ ಕರವಸ್ತ್ರ ಒತ್ತಿಕೊಂಡಳು. "ಸರ್, ನಮ್ಮ ಲಾಕಪ್ಪಲ್ಲಿ ಹಿಡಿದರೂ ಸೊನ್ನೆ ಬರಲ್ಲ."

ಮೀಟರನ್ನು ತಿರುಗಿಸಿದಳು. ಗಾಳಿ ಒಳಹೋಗುವ ತೂತಿಗೆ ನೀಲಿ ಟೇಪು ಅಂಟಿಸಿತ್ತು, ಸೋರುವ ಪೈಪಿಗೆ ಸುತ್ತುವಂಥದ್ದು. ಚಿಮಟದಿಂದ ಕಿತ್ತು ಕವರಿಗೆ ಹಾಕಿದ್ದೇ ತಡ, ಮೀಟರು ಕಿರುಚತೊಡಗಿತು.

"ಅದಕ್ಕೆ ಅಳೋದೇ ಕೆಲಸ," ಎಂದರು ಅಷ್ಟರಲ್ಲಿ ಬಂದ ಪಂಪ್‌ಹೌಸಿನ ಎಂಜಿನಿಯರ್. "ಅದರ ಮಾತು ಕೇಳ್ತಾ ಕೂತರೆ ಊರಿನ ಕೊಳೆ ಊರಲ್ಲೇ ಇರುತ್ತೆ."

ಮರಣೋತ್ತರ ವರದಿ ಬುಧವಾರ ಬಂತು: ರಕ್ತದಲ್ಲಿ ಮದ್ಯವಿಲ್ಲ, ವಿಷಗಾಳಿಯಿಂದ ಸಾವು. ಫೋನಿನಲ್ಲಿ ಡಾಕ್ಟರು ಇನ್ನೊಂದು ಮಾತು ಸೇರಿಸಿದರು: "ಜಾಸ್ತಿಯಾದರೆ ಅದು ಮೊದಲು ಮೂಗನ್ನೇ ಸಾಯಿಸುತ್ತೆ. ನಾತ ನಿಂತಿತು ಅಂದರೆ ಗಾಳಿ ಸರಿಹೋಯಿತು ಅಂತಲ್ಲ."

ಟೇಪಿನ ಅಂಟಿನ ಬದಿಯಲ್ಲಿ ಒಂದು ಹೆಬ್ಬೆರಳಿನ ಗುರುತಿತ್ತು. ಪಂಪ್‌ಹೌಸಿನವರೆಲ್ಲರ ಬೆರಳಚ್ಚು ತೆಗೆಸಿ ನೋಡಿದರೆ, ಅದು ಅಣ್ಣನದು. ಶುಕ್ರವಾರ ಅವನನ್ನು ಕರೆಸಿದರು.

"ಟೇಪು ಹಚ್ಚಿದ್ದು ಯಾರು?"

"ನಾನೇ."

"ಯಾಕೆ?"

"ಅದು ಕೂಗಿದರೆ ಕೆಲಸ ನಿಲ್ಲಿಸಬೇಕು. ನಿಲ್ಲಿಸಿದವರನ್ನ ಎಂಜಿನಿಯರ್ ಸಾಹೇಬರು ಮತ್ತೆ ಗುಂಡಿಗೇ ಇಳಿಸ್ತಾರೆ. ನನಗಿಂತ ಮುಂಚೆ ಇದ್ದವನಿಗೆ ಹಾಗೇ ಆಯ್ತು."

"ಅದಕ್ಕೆ ತಂಗಿ ಗಂಡನನ್ನ ಇಳಿಸಿದೆ."

"ಮೂಗಿತ್ತಲ್ಲ ಸರ್. ನಾವು ಯಾವತ್ತೂ ಇಳಿಯೋದು ಮೂಗನ್ನ ನಂಬಿಯೇ. ಮುಚ್ಚಳ ತೆಗೆದಾಗ ಗಬ್ಬು ನಾರ್ತಿತ್ತು, ಆಮೇಲೆ ನಿಂತುಹೋಯ್ತು. 'ನಾತ ಹೋಯ್ತು, ಇಳೀತೀನಿ' ಅಂದ. ನನಗೂ ಬರ್ತಿರಲಿಲ್ಲ."

ಸಂಜೆ ದಸ್ತಗಿರಿಯಾಯಿತು. ಹೊರಗೆ ಬೆಂಚಿನ ಮೇಲೆ ತಂಗಿ ಕೂತಿದ್ದಳು.

"ಹಗ್ಗ ಯಾರ ಕೈಲಿತ್ತಣ್ಣ?"

"ನನ್ನ ಕೈಲೇ."

"ಎಳೀಲಿಲ್ವಾ?"

"ಎಳೆದೆ ಕಣಮ್ಮ. ಭಾರ ಇದ್ದ."



ಹನ್ನೊಂದು ವರ್ಷ ಗುಂಡಿಯೊಳಗೆ ದುಡಿದು ಮೇಲೆ ಬಂದವನು, ಮತ್ತೆ ಇಳಿಯಬೇಕಾದೀತೆಂಬ ಹೆದರಿಕೆಯಿಂದ ಟೇಪು ಹಚ್ಚಿದ್ದಾನೆ ಎಂದು ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು. ಹೆದರಿಸಿದ ಎಂಜಿನಿಯರನ್ನೂ ಆರೋಪಿ ಮಾಡಲು ಅನುಮತಿ ಕೋರಿ ಅಂದೇ ಪತ್ರ ಟೈಪು ಮಾಡಿಸಿದರು. "ಸ್ವಲ್ಪ ತಡೀರಿ," ಎಂದು ಮೇಲಧಿಕಾರಿಯಿಂದ ಫೋನು ಬಂತು. ಪತ್ರ ಮೇಜಿನ ಡ್ರಾಯರ್ ಸೇರಿತು.

ತಿಂಗಳು ಕಳೆದ ಮೇಲೆ ಆ ಹೆಂಗಸು ಮತ್ತೆ ಬಂದಳು. "ಕುಡಿದು ಬಿದ್ದ ಅನ್ನೋದನ್ನ ತೆಗೆದಿದ್ದೀರಿ, ನೋಡಿದೆ. ಅಣ್ಣನ ಜಾಗಕ್ಕೆ ಬೇರೊಬ್ಬ ಬಂದಿದ್ದಾನೆ. ನಿನ್ನೆ ನನ್ನ ಗಂಡನ ಬಟ್ಟೆ ತರೋಕೆ ಹೋಗಿದ್ದೆ. ಗುಂಡಿ ಒಳಗೆ ಇಬ್ಬರು ಇಳಿದಿದ್ರು. ಮೀಟರಿಗೆ ಟೇಪು ಹಚ್ಚಿತ್ತು ಸರ್."

ಅವಳು ಹೋದ ಮೇಲೆ ಇನ್‌ಸ್ಪೆಕ್ಟರ್ ಕಾನ್‌ಸ್ಟೆಬಲನ್ನು ಪಂಪ್‌ಹೌಸಿಗೆ ಅಟ್ಟಿ ಕೆಲಸ ನಿಲ್ಲಿಸಿದರು. ಕಾನ್‌ಸ್ಟೆಬಲ್ ಹಿಂತಿರುಗುವಷ್ಟರಲ್ಲಿ ಪತ್ರದ ಹಳೆಯ ತಾರೀಖು ಹೊಡೆದು, ಹೊಸದು ಬರೆದು, ಸಹಿ ಹಾಕಿದ್ದರು.

"ತಡೀರಿ ಅಂದಿದ್ರಲ್ಲ ಸರ್," ಎಂದಳು ಕಾನ್‌ಸ್ಟೆಬಲ್. "ನಿಮ್ಮನ್ನ ಎತ್ತಂಗಡಿ ಮಾಡ್ತಾರೆ."

"ಮಾಡಲಿ. ಅನುಮತಿ ಕೊಡೋ ಕಚೇರಿ ಐದಕ್ಕೆ ಬಾಗಿಲು ಹಾಕ್ತಾರೆ, ಕೊಟ್ಟು, ಮುಟ್ಟಿದ್ದಕ್ಕೆ ಸೀಲು ಹಾಕಿಸಿಕೊಂಡು ಬಾ."

ಅವಳು ಲಕೋಟೆಯನ್ನು ಅಂಗಿಯೊಳಗಿಟ್ಟು, ಗುಂಡಿ ಹಾಕಿಕೊಂಡು, ಬೈಕು ಹತ್ತಿದಳು.