ಚೂರುಬಟ್ಟೆಯ ದಿಂಬು

“ಅಲ್ಲಿ ಒಬ್ಬೊಬ್ಬರಿಗೂ ಎರಡೆರಡು ದಿಂಬು ಕಣ್ರೇ,” ಎಂದಳು ಪಿಟೀಲು. “ತಲೆ ಇಟ್ರೆ ಸಾಕು, ಬುಸ್ಸಂತ ಒಳಗೆ ಹೋಗತ್ತೆ.”

ಗೆಳತಿಯರಿಬ್ಬರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಪಿಟೀಲು ಎಂಬುದು ಅವಳಿಗೆ ಮನೆಯವರು ಇಟ್ಟ ಹೆಸರು. ತೊಟ್ಟಿಲಲ್ಲಿದ್ದಾಗ ಅವಳ ಅಳು ಹಾಗಿತ್ತಂತೆ. ರಜೆಯಲ್ಲಿ ಚಿಕ್ಕಮ್ಮನ ಜೊತೆ ಮೂರು ವಾರ ವಿದೇಶದಲ್ಲಿ ಇದ್ದು ಬಂದಿದ್ದಳು. ಬಂದು ಹತ್ತು ದಿನವಾದರೂ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಾಯಿ ಬಿಟ್ಟರೆ ಅಲ್ಲಿನ ಲಿಫ್ಟು, ಅಲ್ಲಿನ ಬಸ್ಸು, ಅಲ್ಲಿನ ಬಿಸಿನೀರಿನ ನಲ್ಲಿ. ಮನೆಯಲ್ಲಿ ಏನು ಕಂಡರೂ ಮೂಗು ಮುರಿಯುತ್ತಿದ್ದಳು.

ಹಾಗಾದರೆ ನಿನ್ನ ಹಳೇ ದಿಂಬು ಏನಾಯಿತು ಎಂದು ಒಬ್ಬ ಗೆಳತಿ ಕೇಳಿದಳು.

“ಅದಾ? ಅದು ದಿಂಬಲ್ಲ, ಕಲ್ಲಿನ ಮೂಟೆ. ತೆಗೆಸಿಬಿಟ್ಟೆ.”

ಅದೇ ಕೋಣೆಯ ಕಿಟಕಿಯ ಬಳಿ ಅಮ್ಮ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಅಮ್ಮ ಟೈಲರ್. ಆ ದಿಂಬನ್ನು ಹೊಲಿದವಳೂ ಅವಳೇ. ಪಿಟೀಲುವಿಗೆ ಒಂದೊಂದು ಫ್ರಾಕ್ ಹೊಲಿದಾಗಲೂ ಮಿಕ್ಕ ಚೂರನ್ನೆಲ್ಲ ಅದರೊಳಗೆ ತುಂಬಿದ್ದಳು. ವಿದೇಶದಿಂದ ಬಂದ ದಿನವೇ ಪಿಟೀಲು ಚಿಕ್ಕಮ್ಮನ ಎದುರಿಗೇ ಅದನ್ನು ಮಂಚದಿಂದ ಕೆಳಕ್ಕೆ ತಳ್ಳಿ, ಇದರ ಮೇಲೆ ಯಾರು ಮಲಗುತ್ತಾರೆ ಎಂದಿದ್ದಳು. ಅಮ್ಮ ಮರುದಿನ ಅಂಗಡಿಯಿಂದ ಸ್ಪಂಜಿನ ದಿಂಬು ತಂದಳು. ಹಳೆಯದರ ಹೊಲಿಗೆ ಬಿಚ್ಚಿ, ಚೂರುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಮಿಷನ್ನಿನ ಕೆಳಗೆ ಇಟ್ಟಳು.

ನಿಜ ಹೇಳಬೇಕೆಂದರೆ, ಸ್ಪಂಜಿನ ದಿಂಬಿನ ಮೇಲೆ ಪಿಟೀಲುವಿಗೆ ಸರಿಯಾಗಿ ನಿದ್ದೆಯೇ ಬರುತ್ತಿರಲಿಲ್ಲ. ಆದರೆ ಅಷ್ಟೆಲ್ಲ ಜಂಬ ಕೊಚ್ಚಿಕೊಂಡ ಮೇಲೆ ಹೇಳುವುದು ಹೇಗೆ?

ಅಷ್ಟರಲ್ಲಿ ತಮ್ಮ ಒಂದು ಕಾರ್ಡ್ ಹಿಡಿದುಕೊಂಡು ಓಡಿ ಬಂದ. ಅವನು ಒಂದನೇ ಕ್ಲಾಸು. ಓದಲು ಕಲಿತಾಗಿನಿಂದ ಬೀದಿಯಲ್ಲಿ ಕಣ್ಣಿಗೆ ಬಿದ್ದ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ. ಹಾಗಾಗಿ ಅವನ ಹೆಸರೇ ಬೋರ್ಡು ಎಂದಾಗಿತ್ತು.

“ಪೋಸ್ಟ್‌ಮ್ಯಾನ್ ಕೊಟ್ರು. ಅಕ್ಕನ ಅಕ್ಷರ,” ಎಂದ.

ಪಿಟೀಲು ದಡಕ್ಕನೆ ಎದ್ದಳು. ಅದು ಅವಳೇ ಅಲ್ಲಿಂದ ಬರೆದ ಕಾರ್ಡು. ಫೋನಿನಲ್ಲಿ ಮಾತಾಡುವಾಗ ಚಿಕ್ಕಮ್ಮ ಪಕ್ಕದಲ್ಲೇ ಇರುತ್ತಿದ್ದರಿಂದ ಎಲ್ಲ ಸೂಪರ್ ಎನ್ನುತ್ತಿದ್ದಳು. ಕಾರ್ಡಿನಲ್ಲಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಳು. ಅದು ದಾರಿಯಲ್ಲೇ ಎಲ್ಲೋ ಕಳೆದುಹೋಯಿತು ಎಂದುಕೊಂಡು ಮರೆತೂ ಬಿಟ್ಟಿದ್ದಳು.

ಕಿತ್ತುಕೊಳ್ಳಲು ಹೋದಳು. ಬೋರ್ಡು ಅಮ್ಮನ ಕುರ್ಚಿಯ ಹಿಂದೆ ಸೇರಿಕೊಂಡು, ಬೆರಳಿಟ್ಟು ಓದತೊಡಗಿದ.

“ಅಮ್ಮಾ... ನಂಗೆ ಇಲ್ಲಿ... ನಿದ್ದೆ ಬರಲ್ಲ. ಇಲ್ಲಿನ ದಿಂಬು ತುಂಬಾ... ಮೆ, ಮೆತ್ತಗೆ. ನಂಗೆ ನನ್ನ ದಿಂಬೇ... ಬೇಕು. ದಿನಾ ಅ... ಅಳು ಬರತ್ತೆ. ನನ್ನ ದಿಂಬನ್ನ... ತಮ್ಮಂಗೆ ಕೊಡಬೇಡ.”

ಮಿಷನ್ ನಿಂತಿತು. ಒಬ್ಬ ಗೆಳತಿ ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡಳು. ಇನ್ನೊಬ್ಬಳು ನೆಲ ನೋಡಿದಳು.

“ನಾನೇನೂ ತಗೊಂಡಿಲ್ಲಪ್ಪ,” ಎಂದ ಬೋರ್ಡು. “ನೀನಿಲ್ಲದಾಗ ಅದರ ಮೇಲೆ ಅಮ್ಮ ಮಲಗ್ತಿದ್ಲು.”

ಪಿಟೀಲುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಮ್ಮ ಬೈದಿದ್ದರೂ ಎಷ್ಟೋ ವಾಸಿಯಿತ್ತು. ಆದರೆ ಅವಳು, ತಪ್ಪಿಲ್ಲದೆ ಓದಿದೆ ಎಂದು ಬೋರ್ಡುವಿನ ಬೆನ್ನು ತಟ್ಟಿ, ಕಾರ್ಡನ್ನು ಮಿಷನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡಳು, ಅಷ್ಟೇ.

ಗೆಳತಿಯರು ಹೋದ ಮೇಲೆ ಪಿಟೀಲು ಬಗ್ಗಿ ಮಿಷನ್ನಿನ ಕೆಳಗೆ ನೋಡಿದಳು. ಚೀಲ ಇರಲಿಲ್ಲ.

“ಇಷ್ಟು ದಿನ ಇಲ್ಲೇ ಇಟ್ಟಿದ್ದೆ ಕಣೆ,” ಎಂದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತ. “ಬೆಳಿಗ್ಗೆ ಗ್ಯಾರೇಜ್ ಮಾಮ ಒರೆಸೋಕೆ ಬಟ್ಟೆ ಕೇಳಿದ್ರು. ಕೊಟ್ಟೆ.”

ಪಿಟೀಲು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು.

ಬೀದಿಯ ಕೊನೆಯ ಗ್ಯಾರೇಜಿನಲ್ಲಿ ಮಾಮ ಒಂದು ಬೈಕಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಅವನ ಕೈಯಲ್ಲಿ ಹಳದಿ ಚೂರೊಂದಿತ್ತು. ಬಿಳಿ ಚುಕ್ಕಿಯ ಹಳದಿ. ಅವಳು ಮೊಟ್ಟಮೊದಲ ದಿನ ಶಾಲೆಗೆ ಹಾಕಿಕೊಂಡು ಹೋದ ಫ್ರಾಕಿನದು. ಮಾಮ ಅದರಲ್ಲಿ ಚೈನಿನ ಗ್ರೀಸ್ ಒರೆಸಿದ. ಮಗುಚಿ ಇನ್ನೊಮ್ಮೆ ಒರೆಸಿ ಪಕ್ಕಕ್ಕೆ ಎಸೆದ. ಅಲ್ಲಿ ಇನ್ನೂ ಹತ್ತಾರು ಚೂರುಗಳು ಕಪ್ಪಾಗಿ ಬಿದ್ದಿದ್ದವು.

“ಏನಮ್ಮಾ, ಫಾರಿನ್ ಮೇಡಂ ಈ ಕಡೆ?” ಎಂದ ಮಾಮ.

ಅವಳ ಜಂಬ ಇಲ್ಲಿಯವರೆಗೂ ಬಂದು ಮುಟ್ಟಿತ್ತು. ಪಿಟೀಲು ತಲೆ ತಗ್ಗಿಸಿದಳು.

“ಅದು ನನ್ನ ದಿಂಬು, ಮಾಮ.”

ಮಾಮ ಚೀಲವನ್ನು ನೋಡಿದ, ಅವಳ ಮುಖವನ್ನೂ ನೋಡಿದ. ನಗಲಿಲ್ಲ. ಅರ್ಧ ಖಾಲಿಯಾಗಿದ್ದ ಚೀಲವನ್ನು ಗ್ರೀಸ್ ತಾಗದ ಹಾಗೆ ಎರಡೇ ಬೆರಳಲ್ಲಿ ಎತ್ತಿ ಅವಳ ಕೈಗೆ ಕೊಟ್ಟ.

ಮನೆಗೆ ಬಂದು ಚೀಲವನ್ನು ಅಮ್ಮನ ಪಕ್ಕ ಇಟ್ಟಳು. ಅಮ್ಮ ಒಗೆದು ಮಡಿಚಿಟ್ಟಿದ್ದ ದಿಂಬಿನ ಹಳೆಯ ಕವರ್ ತಂದು ಚೂರುಗಳನ್ನು ತುಂಬಿದಳು. ದಿಂಬು ಟವೆಲ್ ಮಡಿಚಿಟ್ಟ ಹಾಗೆ ತೆಳ್ಳಗಿತ್ತು. ಸ್ಪಂಜು ಕತ್ತರಿಸಿ ಸೇರಿಸಲೇ ಎಂದು ಕೇಳಿದಳು. ಪಿಟೀಲು ಬೇಡವೆಂದು ತಲೆಯಾಡಿಸಿದಳು.

ಅವಳಿಗೆ ಇನ್ನೂ ಏನೋ ಹೇಳಬೇಕಿತ್ತು. ಆದರೆ ಅಮ್ಮನ ಮುಖ ನೋಡಲಾಗದೆ, ದಿಂಬನ್ನು ಎತ್ತಿಕೊಂಡು ಮಿಷನ್ನಿನ ಬಲಪಕ್ಕದ ಮೇಜಿನ ಕೆಳಗೆ ತೂರಿಕೊಂಡಳು. ಅಲ್ಲಿಂದ ಅಮ್ಮನ ಕಾಲು ಮಾತ್ರ ಕಾಣುತ್ತಿತ್ತು.

“ಚೂರು ಬಿದ್ದ ಹಾಗೆ ಇದಕ್ಕೆ ನಾನೇ ತುಂಬ್ತೀನಿ,” ಎಂದಳು ಅಲ್ಲಿಂದಲೇ.

ಮಿಷನ್ ಶುರುವಾಯಿತು, ನಿಂತಿತು. ಕತ್ತರಿಯ ಸದ್ದು ಕೇಳಿಸಿತು. ದಿನವೂ ಚೂರು ಹಾಕುವ ಬುಟ್ಟಿ ಅಮ್ಮನ ಎಡಗಡೆಗೆ ಇತ್ತು. ಆದರೆ ನೀಲಿ ಚೂರೊಂದು ಬಲಗಡೆಯಿಂದ ಇಳಿದು ಬಂದು ಪಿಟೀಲುವಿನ ಮಡಿಲಿಗೆ ಬಿತ್ತು. ಅದರ ಹಿಂದೆಯೇ ಇನ್ನೊಂದು.