ಎಡಗಡೆ ಸೀಟು

"ಕನ್ನಡಿ ನೋಡು ಅಂದ್ರೆ ನನ್ನ ಮುಖ ನೋಡ್ತೀಯಲ್ಲೇ!"

"ಕನ್ನಡೀಲಿ ಬರೀ ಲಾರಿ ಕಾಣುತ್ತೆ. ನೋಡೋಕೆ ನೀವೇ ವಾಸಿ." ಭಾನುಪ್ರಿಯಾ ನಗು ತಡೆದು ಬ್ರೇಕ್ ಒತ್ತಿದಳು.

ಮದುವೆ ಗೊತ್ತಾದ ಮೇಲೆ ಭಾನುವಾರಗಳೆಲ್ಲ ಹೀಗೇ. ಮೋಹನ್‌ಬಾಬು ಹಿಂದೆ ಮುಂದೆ ಕೆಂಪು ಎಲ್ ಅಂಟಿಸಿದ ಕಾರು ತಂದು, ಶಿಡ್ಲಘಟ್ಟದ ಅವಳ ಮನೆ ಮುಂದೆ ಹಾರನ್ ಹೊಡೆಯುತ್ತಿದ್ದ. ಗೇರ್ ಹಿಡಿದ ಅವಳ ಕೈ ಮೇಲೆ ಅವನ ಕೈ ಬರುತ್ತಿತ್ತು. ಗೇರ್ ಬಿದ್ದ ಮೇಲೂ ಅಲ್ಲೇ ಇರುತ್ತಿತ್ತು.

"ಟ್ರಾಫಿಕ್‌ನಲ್ಲಿ ಅವಸರ ಬೇಡ. ನಡೆಯೋರಿಗೆ ಮೊದಲು ದಾರಿ ಬಿಡು," ಎನ್ನುತ್ತಿದ್ದ ಮೆಲ್ಲಗೆ. ಇವನ ಪಕ್ಕ ಕೂತು ಎಷ್ಟು ದೂರವಾದರೂ ಹೋಗಬಹುದು ಅನ್ನಿಸುತ್ತಿತ್ತು ಅವಳಿಗೆ.

ಆ ಭಾನುವಾರ ಧಾರೆ ಸೀರೆಗೆಂದು ಚಿಕ್ಕಬಳ್ಳಾಪುರಕ್ಕೆ ಹೊರಟರು. ಪೇಟೆಯಲ್ಲಿ ಗದ್ದಲವೆಂದು ಅವನೇ ಸ್ಟೇರಿಂಗ್ ಹಿಡಿದ. ಸರ್ಕಲ್ ಹತ್ತಿರ ಫೋನ್ ಮಿನುಗಿತು. ಎತ್ತಿಕೊಂಡು ಓದತೊಡಗಿದ.

"ರೀ, ಮುಂದೆ ನೋಡಿ!"

ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದ ಹೂ ಮಾರುವ ಅಜ್ಜಿ ಅಶ್ವತ್ಥಮ್ಮ ಕಾರು ತಗುಲಿ ಬಿದ್ದರು. ಸೇವಂತಿಗೆಯೆಲ್ಲ ರಸ್ತೆಪಾಲಾಯಿತು. ಇಬ್ಬರೂ ಇಳಿದು ಓಡಿದರು. ಭಾನು ಅಜ್ಜಿಯ ತಲೆಯನ್ನು ತೊಡೆ ಮೇಲಿಟ್ಟುಕೊಂಡಳು. ಜನ ಸೇರಿದರು, ಪೊಲೀಸ್ ಬಂದ.

"ಯಾರ್ರೀ ಓಡಿಸ್ತಿದ್ದಿದ್ದು?"

ಮೋಹನ್‌ಬಾಬು ಒಮ್ಮೆ ಎಲ್ ಬೋರ್ಡ್ ಕಡೆ ನೋಡಿದ. ಆಮೇಲೆ ಅವಳ ಕಡೆ ಕೈ ತೋರಿಸಿದ.

"ಇವ್ರು ಸಾರ್. ಈಗಿನ್ನೂ ಕಲೀತಿದಾರೆ."

ಭಾನುಪ್ರಿಯಾ ಅಜ್ಜಿಯ ತಲೆ ಹಿಡಿದುಕೊಂಡೇ ಅವನ ಮುಖ ನೋಡಿದಳು.

ಆಸ್ಪತ್ರೆಯ ವರಾಂಡದಲ್ಲಿ ಅವನು ಅವಳ ಕೈ ಹಿಡಿದುಕೊಂಡ. "ಪ್ಲೀಸ್ ಕಣೇ ಭಾನು. ಸರ್ಕಾರಿ ಕೆಲಸದ ಆರ್ಡರ್ ಬರೋದಿದೆ. ನನ್ ಮೇಲೆ ಕೇಸಾದ್ರೆ ಎಲ್ಲಾ ಹೋಯ್ತು. ನಮ್ಮಿಬ್ರಿಗೋಸ್ಕರ ತಾನೆ?"

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ನೀವೇ ನಿಜ ಹೇಳ್ಬಿಡಿ. ಏನಾದ್ರೂ ಆಗ್ಲಿ, ನಾನು ಜೊತೇಲಿರ್ತೀನಿ."

ಅವನೇ ಮೆಲ್ಲಗೆ ಕೈ ಬಿಟ್ಟ.

ಇಬ್ಬರೂ ಒಳಗೆ ಹೋದಾಗ ಅಶ್ವತ್ಥಮ್ಮನ ಕಾಲಿಗೆ ಕಟ್ಟು ಹಾಕಿದ್ದರು. ಪಕ್ಕದಲ್ಲೇ ಪೊಲೀಸಿನವನು ನಿಂತಿದ್ದ. ಅಜ್ಜಿ ಭಾನುವನ್ನೇ ನೋಡಿದರು.

"ಓಡಿಸಿದ್ದು ನೀನಾ ತಲ್ಲೀ? ನಾನು ಕಾಣಿಸ್ಲಿಲ್ವಾ ನಿನ್ಗೆ?"

ಭಾನುಪ್ರಿಯಾ ಅವನತ್ತ ತಿರುಗಿದಳು. ಒಂದು ಮಾತಿಗಾಗಿ ಕಾದಳು. ಅವನು ಗೋಡೆ ನೋಡುತ್ತಿದ್ದ.

"ನಾನಲ್ಲಮ್ಮ," ಎಂದಳು. "ನಾನು ಎಡಗಡೆ ಸೀಟಲ್ಲಿದ್ದೆ. ಓಡಿಸ್ತಿದ್ದಿದ್ದು ಇವ್ರು. ಫೋನ್ ನೋಡ್ತಿದ್ರು."

ಹೇಳಿಕೆ ಬರೆಸಿ ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು.

"ನೀನು ನನ್ನ ಪ್ರೀತಿಸ್ಲೇ ಇಲ್ಲ ಕಣೇ."

"ಪ್ರೀತಿಸ್ದೆ ರೀ. ನೀವೇ ಹೇಳ್ತೀರ ಅಂತ ಅದಕ್ಕೇ ಅಷ್ಟೊತ್ತು ಕಾದೆ."

ಬಸ್ ಸ್ಟ್ಯಾಂಡಿಗೆ ಒಬ್ಬಳೇ ನಡೆದಳು. ಕಿಟಕಿ ಪಕ್ಕ ಕೂತ ಮೇಲೆಯೇ ಅವಳಿಗೆ ಅಳು ಬಂದದ್ದು.